ಕಂಪ್ಯೂಟರ್ ಆರಿಸೋಕೂ ಒಂದು ತಂತ್ರಾಂಶ ಬೇಕಾ ಸ್ವಾಮಿ?

ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ ಅಂತ ಗೊತ್ತಾದರೆ ಸಾಕು, ನೆಂಟರಿಷ್ಟರ ಕಂಪ್ಯೂಟರುಗಳಿಗೆಲ್ಲ ನಾವೇ ನಾಟಿ ವೈದ್ಯರು. ಅಂಥ ವೈದ್ಯಕೀಯದಲ್ಲಿ ನನಗೆ ಪದೇ ಪದೇ ಎದುರಾಗೋ ಪ್ರಶ್ನೆ ಒಂದಿದೆ: "ರಾತ್ರಿ ತನ್ನಷ್ಟಕ್ಕೆ ತಾನೇ ಆಫ್ ಆಗೋ ಹಾಗೆ ಮಾಡೋ ಒಳ್ಳೇ ಸಾಫ್ಟ್‌ವೇರ್ ಯಾವುದಿದೆ?" ನನ್ನ ಉತ್ತರ ಯಾವತ್ತೂ ಒಂದೇ. ಯಾವುದೂ ಬೇಡ. ನಿಮ್ಮ ಕಂಪ್ಯೂಟರಿನಲ್ಲಿ ಅದು ಆಗಲೇ ಇದೆ, ದುಡ್ಡು ಕೊಟ್ಟು ತಂದಾಗಲೇ ಜೊತೆಗೆ ಬಂದಿದೆ.

ಹೀಗಂದರೆ ಯಾರೂ ನಂಬಲ್ಲ. ಯಾಕೆಂದರೆ ಗೂಗಲಿಸಿದರೆ ಸಿಗೋದು "ಅತ್ಯುತ್ತಮ 10 ಉಚಿತ ಶಟ್‌ಡೌನ್ ತಂತ್ರಾಂಶಗಳು" ಅನ್ನೋ ಪಟ್ಟಿ. ಒಂದೊಂದಕ್ಕೂ ಒಂದು ಕೆಂಪು ಗುಂಡಿಯ ಚಿತ್ರ, ಪಕ್ಕದಲ್ಲೊಂದು ಗಡಿಯಾರ, ಕೆಳಗೆ ಹಸಿರು ಬಣ್ಣದ ಡೌನ್‌ಲೋಡ್ ಗುಂಡಿಗಳು ಮೂರು (ಅದರಲ್ಲಿ ಎರಡು ಜಾಹೀರಾತು!). ಕೆಲವಕ್ಕೆ "ಪ್ರೊ" ಆವೃತ್ತಿಯೂ ಉಂಟು, ದುಡ್ಡು ಕೊಟ್ಟರೆ. ಅಲ್ಲಾ, ಮನೆಯ ದೀಪ ಆರಿಸೋಕೆ ಗುರುತು ಪರಿಚಯ ಇಲ್ಲದ ಒಬ್ಬನನ್ನು ಕರೆದು, ಮನೆ ಬೀಗದ ಕೈಯನ್ನೂ ಕೊಟ್ಟು, "ರಾತ್ರಿ 11ಕ್ಕೆ ಬಂದು ಸ್ವಿಚ್ ಒತ್ತಿ ಹೋಗಪ್ಪಾ" ಅಂತ ಹೇಳಿದರೆ ಹೇಗಿರುತ್ತೆ? ಇದೂ ಹಾಗೇ.

ವಿಷಯಕ್ಕೆ ಬರೋಣ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗಲೇ ಅದರ ಜೊತೆ ಶಟ್‌ಡೌನ್ ಅನ್ನೋ ಆಜ್ಞೆ ಬಂದಿತ್ತು. ಸ್ಟಾರ್ಟ್ ಮೆನುವಿನಲ್ಲಿ ಕಾಣೋ ಗುಂಡಿಯ ಮಾತಲ್ಲ ಇದು, ಟೈಪಿಸಿ ಕೊಡೋ ಆಜ್ಞೆ. ವಿಂಡೋಸ್ ಕೀಲಿಯನ್ನೂ ಆರ್ ಕೀಲಿಯನ್ನೂ ಒಟ್ಟಿಗೆ ಒತ್ತಿ. ಬಂದ ಪುಟ್ಟ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಶಟ್‌ಡೌನ್ ಅಂತ ಒಂದೇ ಪದವಾಗಿ ಬರೆದು, ಜಾಗ ಬಿಟ್ಟು ಓರೆಗೆರೆ ಹಾಕಿ ಎಸ್, ಮತ್ತೆ ಜಾಗ ಬಿಟ್ಟು ಓರೆಗೆರೆ ಹಾಕಿ ಟಿ, ಮತ್ತೆ ಜಾಗ ಬಿಟ್ಟು 3600. ಎಂಟರ್ ಒತ್ತಿದಿರೋ, ಮುಗೀತು. 3600 ಸೆಕೆಂಡು, ಅಂದರೆ ಒಂದು ಗಂಟೆ ಬಿಟ್ಟು ಯಂತ್ರ ಆರುತ್ತೆ. ಎಸ್ ಬದಲು ಆರ್ ಅಂತ ಹಾಕಿದರೆ ರೀಸ್ಟಾರ್ಟ್. ಮನಸ್ಸು ಬದಲಾಯಿತಾ? ಅದೇ ಶಟ್‌ಡೌನ್ ಪದದ ಮುಂದೆ ಓರೆಗೆರೆ ಎ. ಎಲ್ಲ ರದ್ದು. ಇವತ್ತಿನ ವಿಂಡೋಸಿನಲ್ಲಿ ಆ ಸೆಕೆಂಡಿನ ಲೆಕ್ಕ 31,53,60,000ದವರೆಗೂ ಹೋಗುತ್ತೆ, ಅಂದರೆ ಪೂರಾ 10 ವರ್ಷ! ಹತ್ತು ವರ್ಷ ಬಿಟ್ಟು ಆರಬೇಕು ಅಂತ ಯಾವ ಪುಣ್ಯಾತ್ಮ ಹೇಳ್ತಾನೋ ಗೊತ್ತಿಲ್ಲ, ಹೇಳಿದರೆ ಕೇಳೋಕೆ ಅದು ತಯಾರಿದೆ :)

ದಿನಾ ರಾತ್ರಿ ಅದೇ ಹೊತ್ತಿಗೆ ಆರಬೇಕು ಅಂದರೆ ಟಾಸ್ಕ್ ಷೆಡ್ಯೂಲರ್ ಇದೆ. ಅದೂ ವಿಂಡೋಸಿನ ಜೊತೆಗೇ ಬರೋದು. ಸಮಯ ಹೇಳಿ, ಮೇಲಿನ ಆಜ್ಞೆ ಕೊಟ್ಟರೆ ಸಾಕು. ಲಿನಕ್ಸ್ ಬಳಸೋರಿಗಂತೂ ಇದು ಅಜ್ಜನ ಕಾಲದ ಮಾತು, ಶಟ್‌ಡೌನ್ ಆಜ್ಞೆ, ಕ್ರಾನ್ ಎರಡೂ ಕೈಯಳತೆಯಲ್ಲಿವೆ.

ಈ ಆಜ್ಞೆಗೆ ಒಂದು ಒಳ್ಳೇ ಚರಿತ್ರೆಯೂ ಇದೆ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಅನ್ನೋ ಹುಳು ಪ್ರಪಂಚದ ತುಂಬ ಎಕ್ಸ್‌ಪಿ ಯಂತ್ರಗಳಿಗೆ ಹತ್ತಿತು. ಪರದೆ ಮೇಲೆ ಒಂದು ಪೆಟ್ಟಿಗೆ ಬಂದು 60, 59, 58 ಅಂತ ಹಿಂದಕ್ಕೆ ಎಣಿಸಿ ಯಂತ್ರ ರೀಸ್ಟಾರ್ಟ್ ಆಗೋದು. ಮತ್ತೆ ಹಚ್ಚಿದರೆ ಮತ್ತೆ ಅದೇ. ತೇಪೆ ಡೌನ್‌ಲೋಡಿಸೋಕೂ ಪುರುಸೊತ್ತಿಲ್ಲ. ಆಗ ಎಣಿಕೆ ಮುಗಿಯೋದರೊಳಗೆ ಶಟ್‌ಡೌನ್ ಆಜ್ಞೆಗೆ ಎ ಸೇರಿಸಿ ಕುಟ್ಟಿದವರು ಆ ಪೆಟ್ಟಿಗೆ ನಿಲ್ಲಿಸಿ ಯಂತ್ರ ಉಳಿಸಿಕೊಂಡರು. ನಾನಾಗ ಇನ್ನೂ ಪ್ರೈಮರಿ ಶಾಲೆ, ಇದೆಲ್ಲ ಸೀನಿಯರುಗಳ ಬಾಯಲ್ಲಿ ಕೇಳಿದ್ದು. ಕೇಳಿದಾಗ ಅನ್ನಿಸಿದ್ದು, ಯಂತ್ರದ ಒಡೆಯ ಯಾರು ಅನ್ನೋದು ಆ 60 ಸೆಕೆಂಡಿನಲ್ಲಿ ತೀರ್ಮಾನ ಆಗ್ತಿತ್ತಲ್ಲ ಅಂತ.

ಹಾಗಿದ್ದರೆ ನಮ್ಮಲ್ಲಿ ಈ ಆರಿಸೋ ತಂತ್ರಾಂಶಗಳು ಯಾಕೆ ಅಷ್ಟು ಹಬ್ಬಿದವು? ನನಗನ್ನಿಸೋ ಮಟ್ಟಿಗೆ ಒಂದು ದೊಡ್ಡ ಕಾರಣ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡಿನ ಆ ಹಳೇ ರಾತ್ರಿ ಯೋಜನೆ. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಡೌನ್‌ಲೋಡ್ ಲೆಕ್ಕಕ್ಕಿಲ್ಲ, 8 ದಾಟಿದರೆ ಮೀಟರ್ ಓಡುತ್ತೆ. ಎರಡು ಗಂಟೆಗೆ ಎದ್ದು ಡೌನ್‌ಲೋಡ್ ಹಚ್ಚಿ, ಎಂಟರೊಳಗೆ ಎದ್ದು ನಿಲ್ಲಿಸದೇ ಹೋದರೆ ತಿಂಗಳ ಕೊನೆಗೆ ಅಪ್ಪನ ಕೈಗೆ ಬಿಲ್ಲು! 7.55ಕ್ಕೆ ಯಂತ್ರ ತಾನಾಗಿ ಆರೋದು ಆ ಕಾಲದ ಎಷ್ಟೋ ಮನೆಗಳಲ್ಲಿ ಶಾಂತಿ ಕಾಪಾಡಿದ ಸಂಗತಿ. ಆ ಅಗತ್ಯ ನಿಜವಾದದ್ದೇ. ಅದಕ್ಕೆ ಸಿಕ್ಕ ಮದ್ದು ಮಾತ್ರ ತಪ್ಪು ಅಂಗಡಿಯದ್ದು.

ತಪ್ಪು ಅಂಗಡಿ ಅಂತ ಸುಮ್ಮನೆ ಹೇಳ್ತಿಲ್ಲ. 2011ರ ಡಿಸೆಂಬರಿನಲ್ಲಿ ಎನ್‌ಮ್ಯಾಪ್ ಬರೆದ ಗಾರ್ಡನ್ ಲಯನ್ ಬಹಿರಂಗವಾಗಿ ದೂರಿದರು: ಡೌನ್‌ಲೋಡ್ ಡಾಟ್ ಕಾಮ್‌ನವರು ತಮ್ಮ ಉಚಿತ ತಂತ್ರಾಂಶಕ್ಕೆ ತಾವೇ ಒಂದು ಹೊದಿಕೆ ಹೊದಿಸಿ, ಅದರೊಳಗೆ ಟೂಲ್‌ಬಾರ್ ತುರುಕಿ ಕೊಡ್ತಿದ್ದಾರೆ ಅಂತ. 2015ರಲ್ಲಿ ಸೋರ್ಸ್‌ಫೋರ್ಜ್‌ನಲ್ಲಿ ಗಿಂಪ್‌ಗೂ ಇದೇ ಗತಿ. ಅಷ್ಟು ಹೆಸರುವಾಸಿ ತಂತ್ರಾಂಶಗಳ ಪಾಡೇ ಹೀಗಾದರೆ, ಯಾರು ಬರೆದರೋ ಗೊತ್ತಿಲ್ಲದ ಎರಡು ಎಂಬಿಯ ಶಟ್‌ಡೌನ್ ಟೈಮರನ್ನು ಕೇಳೋರು ಯಾರು? ಇನ್ನೊಂದು ನೋಡಿ. ಮನೆಬಳಕೆಯ ವಿಂಡೋಸಿನಲ್ಲಿ ಯಂತ್ರ ಆರಿಸೋಕೆ ಅಡ್ಮಿನಿಸ್ಟ್ರೇಟರ್ ಆಗಬೇಕಿಲ್ಲ, ಸಾಮಾನ್ಯ ಬಳಕೆದಾರನಿಗೂ ಆ ಹಕ್ಕು ಮೊದಲಿಂದಲೇ ಇರುತ್ತೆ. ಹಾಗಿರುವಾಗ ಬರೀ ಆರಿಸೋಕೆ ಅಂತ ಬಂದವನು ಪ್ರತಿಸಲ ತೆರೆದಾಗಲೂ ಅಡ್ಮಿನ್ ಅನುಮತಿ ಕೇಳಿದರೆ, ಸ್ವಿಚ್ ಒತ್ತೋಕೆ ಬಂದವನು ಬೀರುವಿನ ಕೀಲಿ ಕೇಳಿದ ಹಾಗೇ ಅಲ್ಲವಾ?

ಟೂಲ್‌ಬಾರ್ ಬಂದರೆ ಕಿತ್ತು ಹಾಕಬಹುದು ಬಿಡಿ. ಹೊಟ್ಟೆ ಉರಿಸೋದು ಬೇರೆಯೇ ಇದೆ. ನಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕ ಒಬ್ಬರು ಡಿಟಿಪಿ ಅಂಗಡಿ ಇಟ್ಟಿದ್ದಾರೆ, ನಾನು ಅಣ್ಣ ಅಂತಲೇ ಕರೆಯೋದು. ಯಾರೋ ಹೇಳಿದರು ಅಂತ ಒಂದು ಉಚಿತ ಟೈಮರ್ ಹಾಕಿಕೊಂಡು ರಾತ್ರಿ 9ಕ್ಕೆ ಹೊಂದಿಸಿಟ್ಟಿದ್ದರು. ಒಂದು ಹೈಸ್ಕೂಲಿನ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಕೆಲಸ ನಡೀತಿತ್ತು, ಕರಡು ತಿದ್ದಿದ ಪುಟಗಳು ಪೇಜ್‌ಮೇಕರಿನಲ್ಲಿ ತೆರೆದೇ ಇದ್ದವು. ಊಟಕ್ಕೆ ಹೋಗಿ ಬರೋದರಲ್ಲಿ ಪರದೆ ಕಪ್ಪು. ಉಳಿಸಲಾ ಬೇಡವಾ ಅಂತ ಒಂದು ಮಾತು ಕೇಳದೆ ಆ ಪುಣ್ಯಾತ್ಮ ತಂತ್ರಾಂಶ ಎಲ್ಲವನ್ನೂ ಕೊಂದು ಯಂತ್ರ ಆರಿಸಿತ್ತು. "ತಮ್ಮಾ, ಸಂಜೆಯಿಂದ ಕೂತು ತಿದ್ದಿದ್ದೆಲ್ಲ ಹೋಯ್ತು ಕಣೋ" ಅಂದರು. ಮತ್ತೆ ಎರಡು ರಾತ್ರಿ ಕೂತು ತಿದ್ದಿದರು. ಆ ತಂತ್ರಾಂಶದ ಸೆಟ್ಟಿಂಗ್ ತೆರೆದು ನೋಡಿದೆ. "ಬಲವಂತವಾಗಿ ಮುಚ್ಚು" ಅನ್ನೋದಕ್ಕೆ ಮೊದಲೇ ಟಿಕ್ ಹಾಕಿಟ್ಟಿದ್ದಾರೆ, ಮೂರನೇ ಪುಟದಲ್ಲಿ, ಸಣ್ಣಕ್ಷರದಲ್ಲಿ.

ಇಲ್ಲಿ ವಿಂಡೋಸಿನ ಸ್ವಂತ ಆಜ್ಞೆಯ ಬಗ್ಗೆಯೂ ಇದ್ದದ್ದು ಇದ್ದ ಹಾಗೇ ಹೇಳಬೇಕು. ಟಿ ಮುಂದೆ ಸೊನ್ನೆಗಿಂತ ದೊಡ್ಡ ಸಂಖ್ಯೆ ಕೊಟ್ಟರೆ ಅದೂ ಬಲವಂತವಾಗಿಯೇ ಮುಚ್ಚುತ್ತೆ. ಆದರೆ ಅದು ಕದ್ದುಮುಚ್ಚಿ ಅಲ್ಲ, ಮೈಕ್ರೋಸಾಫ್ಟಿನ ಕೈಪಿಡಿಯಲ್ಲೇ ಬರೆದಿದೆ. ದಾರಿಯೂ ಇದೆ: ಟಾಸ್ಕ್ ಷೆಡ್ಯೂಲರಿನಲ್ಲಿ 9 ಗಂಟೆ ಅಂತ ಸಮಯ ಹೇಳಿ, ಆಜ್ಞೆಯಲ್ಲಿ ಟಿ ಮುಂದೆ 0 ಕೊಡಿ. ಆಗ ಬಲವಂತ ಇಲ್ಲ. ಉಳಿಸದ ಕಡತ ತೆರೆದಿದ್ದರೆ ಆ ಪ್ರೋಗ್ರಾಂ ಅಡ್ಡ ನಿಂತು "ಇದನ್ನೇನು ಮಾಡಲಿ?" ಅಂತ ಕೇಳಬಹುದು. ಯಂತ್ರ ಆರದೇ ಉಳಿದರೆ ಹೋಗೋದು ಒಂದು ರಾತ್ರಿಯ ಕರೆಂಟು. ಕಡತ ಹೋದರೆ ಹೋಗೋದು ಅಣ್ಣನ ಎರಡು ರಾತ್ರಿ.

"ಅದೆಲ್ಲ ಸರಿ, ಜನಸಾಮಾನ್ಯರಿಗೆ ಈ ಆಜ್ಞೆ ಗೀಜ್ಞೆ ಎಲ್ಲ ಆಗುತ್ತೇನ್ರೀ? ಗುಂಡಿ ಒತ್ತೋದು ಸುಲಭ" ಅನ್ನೋ ವಾದ ಬರುತ್ತೆ, ಬರಲಿ. ಡೆಸ್ಕ್‌ಟಾಪಿನ ಮೇಲೆ ಬಲಗುಂಡಿ ಒತ್ತಿ ಹೊಸ ಶಾರ್ಟ್‌ಕಟ್ ಮಾಡಿ, ಅದರಲ್ಲಿ ಈ ಆಜ್ಞೆ ಕೂರಿಸಿ, "ಒಂದು ಗಂಟೆ ಬಿಟ್ಟು ಆಫ್" ಅಂತ ಅಚ್ಚಕನ್ನಡದಲ್ಲೇ ಹೆಸರಿಡಿ. ಇನ್ನೊಂದಕ್ಕೆ "ಬೇಡ, ನಿಲ್ಲು". ಎರಡು ನಿಮಿಷದ ಕೆಲಸ. ಇದಕ್ಕಿಂತ ಸುಲಭದ ಗುಂಡಿ ಯಾವ ತಂತ್ರಾಂಶದಲ್ಲಿದೆ? ಅಣ್ಣನ ಅಂಗಡಿಯಲ್ಲಿ ಷೆಡ್ಯೂಲರಿನ ಜೊತೆಗೆ ಈಗ ಇವೆರಡೂ ಇವೆ.

ಆದರೆ ಈ ಗುಂಡಿಯನ್ನು ನಾವೇ ಯಾಕೆ ಮಾಡಿಕೊಳ್ಳಬೇಕು, ವಿಂಡೋಸ್ ಮಾಡಿದವರೇ ಯಾಕೆ ಎದುರಿಗೆ ಇಡಲಿಲ್ಲ? ನನ್ನ ನಿಜವಾದ ಸಿಟ್ಟು ಇರೋದು ಇಲ್ಲಿ. ವಿಸ್ತಾ ಬಂದಾಗ ಅದರ ಆಫ್ ಮೆನುವಿನಲ್ಲಿ ಇಷ್ಟೊಂದು ಆಯ್ಕೆ ಯಾಕೆ ಅಂತ ಜೋಯೆಲ್ ಸ್ಪಾಲ್ಸ್‌ಕಿ 2006ರಲ್ಲಿ ತಮ್ಮ ಬ್ಲಾಗಿನಲ್ಲಿ ಝಾಡಿಸಿದ್ದರು. ಆ ಮೆನುವಿನ ಮೇಲೆ ಕೆಲಸ ಮಾಡಿದ್ದ ಮೋಯ್ಶೆ ಲೆಟ್‌ವಿನ್ ಅದಕ್ಕೆ ಉತ್ತರವಾಗಿ ಲೆಕ್ಕ ಕೊಟ್ಟರು: ಆ ಒಂದು ಮೆನು ಹೇಗಿರಬೇಕು ಅಂತ ಮಾತಾಡೋ ಹಕ್ಕು 43 ಜನಕ್ಕಿತ್ತಂತೆ! ಅಷ್ಟೂ ಜನ ಸೇರಿ ಕೊಟ್ಟ ಮೆನುವಿನಲ್ಲಿ ಎಲ್ಲ ಇತ್ತು, "ಒಂದು ಗಂಟೆ ಬಿಟ್ಟು" ಅನ್ನೋದೊಂದು ಇರಲಿಲ್ಲ. ಇವತ್ತಿಗೂ ಇಲ್ಲ.

2012ರ ವಿಂಡೋಸ್ 8ರಿಂದ ಇನ್ನೊಂದು ಚಮತ್ಕಾರ. ಫಾಸ್ಟ್ ಸ್ಟಾರ್ಟಪ್ ಚಾಲೂ ಇರೋ ಯಂತ್ರದಲ್ಲಿ "ಶಟ್ ಡೌನ್" ಅಂತ ಕ್ಲಿಕ್ಕಿಸಿದರೆ ಅದು ಪೂರ್ತಿ ಆರಲ್ಲ. ಒಳಗಿನ ತಿರುಳನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತೆ, ಮಾರನೇ ದಿನ ಬೇಗ ಏಳಬೇಕಲ್ಲ ಅದಕ್ಕೆ. ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ "ನಾನು ಎದ್ದು 12 ದಿನ ಆಯ್ತು" ಅಂತ ತೋರಿಸುತ್ತೆ, ನೀವು ದಿನಾ ಆರಿಸಿದ್ದರೂ! ನಿಜವಾಗಿ ಹೊಸದಾಗಿ ಶುರುವಾಗೋದು ರೀಸ್ಟಾರ್ಟ್ ಮಾಡಿದಾಗ. ನಮ್ಮ ಆಜ್ಞೆಯಲ್ಲಿ ಎಸ್ ಕೊಟ್ಟರೆ ಮಾತ್ರ ಪೂರ್ತಿ ಆರುತ್ತೆ. ಆರಿಸು ಅಂದರೆ ಆರಲ್ಲ, ಮತ್ತೆ ಹಚ್ಚು ಅಂದರೆ ಮೊದಲು ಪೂರ್ತಿ ಆರುತ್ತೆ. ಇದನ್ನು ಯಾವ ಭಾಷೆಯಲ್ಲಿ ಅರ್ಥ ಮಾಡಿಸೋದು ನಮ್ಮ ಸೋದರತ್ತೆಗೆ?

ಇನ್ನು ವಿಂಡೋಸ್ 10. 2015ರಲ್ಲಿ ಬಂದಾಗ ಮನೆ ಆವೃತ್ತಿಯವರಿಗೆ ಅಪ್‌ಡೇಟ್ ಮುಂದೂಡೋ ದಾರಿ ಹೆಚ್ಚುಕಡಿಮೆ ಇರಲೇ ಇಲ್ಲ, ಯಂತ್ರವೇ ಸಮಯ ನೋಡಿ ರೀಸ್ಟಾರ್ಟ್ ಆಗಿಬಿಡೋದು. ಜನ ಬೊಬ್ಬೆ ಹೊಡೆದ ಮೇಲೆ 2016ರಲ್ಲಿ "ಆಕ್ಟಿವ್ ಅವರ್ಸ್" ಕೊಟ್ಟರು. ಈಗ ಅದನ್ನು ಹೆಚ್ಚೆಂದರೆ 18 ಗಂಟೆಗೆ ಹೊಂದಿಸಬಹುದು. ಅಂದರೆ ನೀವು ದುಡ್ಡು ಕೊಟ್ಟು ತಂದ ಯಂತ್ರ ದಿನದಲ್ಲಿ 18 ಗಂಟೆ ನಿಮ್ಮದು, ಉಳಿದ 6 ಗಂಟೆ ಅವರದು. ಅಪ್‌ಡೇಟ್ ಬೇಡ ಅನ್ನೋ ಮೂರ್ಖತನ ನನ್ನದಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂದಾಗ ಅದರ ತೇಪೆ ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಪಾಡು ಪಟ್ಟರು. ತೇಪೆ ಹಾಕಲಿ. ಯಾವ ಹೊತ್ತಿಗೆ ಅಂತ ಮನೆಯವರನ್ನು ಕೇಳಿ ಹಾಕಲಿ, ಅಷ್ಟೇ.

ಇದು ಮೈಕ್ರೋಸಾಫ್ಟಿಗೆ ಮಾತ್ರ ಅಂಟಿದ ರೋಗವೂ ಅಲ್ಲ. ಮ್ಯಾಕ್‌ನಲ್ಲಿ ಇಂತಿಷ್ಟು ಹೊತ್ತಿಗೆ ಏಳು, ಇಂತಿಷ್ಟು ಹೊತ್ತಿಗೆ ಆರು ಅಂತ ಹೇಳೋ ಪುಟ ಸೆಟ್ಟಿಂಗ್ಸ್‌ನಲ್ಲೇ ಇತ್ತು. 2022ರ ವೆಂಚುರಾದಲ್ಲಿ ಅದನ್ನು ಕಿತ್ತುಹಾಕಿದರು. ಕೆಲಸ ಮಾಡೋ ಆಜ್ಞೆ ಒಳಗೆ ಹಾಗೇ ಇದೆ, ಅದರ ಹೆಸರು ಪಿಎಂಸೆಟ್. ಗುಂಡಿ ಮಾತ್ರ ಮಾಯ. ಗುಂಡಿ ಮಾಯವಾದ ಕಡೆ ಟೈಮರ್ ಮಾರೋರಿಗೆ ಸುಗ್ಗಿ.

ಹೊರಗಿನ ತಂತ್ರಾಂಶ ನಿಜವಾಗಲೂ ಬೇಕಾಗೋ ಜಾಗವೂ ಇದೆ. ಕರೆಂಟು ಹೋಗಿ ಯುಪಿಎಸ್ ಬ್ಯಾಟರಿ ಮುಗೀತಾ ಬಂದಾಗ ಸರ್ವರ್ ತಾನಾಗಿ ಸುರಕ್ಷಿತವಾಗಿ ಆರಬೇಕು. ಅದಕ್ಕೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅಂತ ಮುಕ್ತ ತಂತ್ರಾಂಶ ಇದೆ, ಧಾರಾಳವಾಗಿ ಹಾಕಿಕೊಳ್ಳಿ. ಡೌನ್‌ಲೋಡ್ ಮುಗಿದ ಮೇಲೆ ಆರಬೇಕು ಅಂದರೆ ಕ್ಯೂಬಿಟ್‌ಟೊರೆಂಟ್‌ನಂಥ ಡೌನ್‌ಲೋಡ್ ತಂತ್ರಾಂಶದಲ್ಲೇ ಆ ಆಯ್ಕೆ ಇದೆ.

ಕರೆಂಟಿನ ಮಾತು ಬಂತಲ್ಲ, ಒಂದು ಲೆಕ್ಕ ಹಾಕಿ. ಒಂದು ಕಾಲೇಜಿನ ಲ್ಯಾಬಿನಲ್ಲಿ 30 ಯಂತ್ರ, ಒಂದೊಂದು ಸುಮ್ಮನೆ ಉರಿಯುವಾಗ 70 ವ್ಯಾಟ್, ರಾತ್ರಿ 14 ಗಂಟೆ ಅಂತ ಹಿಡಿಯೋಣ. ಒಂದು ರಾತ್ರಿಗೆ 29.4 ಯೂನಿಟ್. 25 ರಾತ್ರಿಗೆ 735. ಯೂನಿಟ್ಟಿಗೆ 7 ರೂಪಾಯಿ ಅಂದರೂ ತಿಂಗಳಿಗೆ 5,145 ರೂಪಾಯಿ ಯಾರೂ ನೋಡದ ಪರದೆಗಳಿಗೆ. ಅದನ್ನು ಉಳಿಸೋಕೆ ಬೇಕಾಗಿರೋದು ಒಂದೊಂದು ಯಂತ್ರದ ಷೆಡ್ಯೂಲರಿನಲ್ಲಿ ಒಂದು ಸಾಲು.

ಹಾಗಾಗಿ "ಉಪಯುಕ್ತ ತಂತ್ರಾಂಶಗಳು" ಅಂತ ಸರಣಿ ಬರೆಯೋ ಗೆಳೆಯರಲ್ಲಿ ನನ್ನದೊಂದು ತಕರಾರು. ನಮ್ಮನ್ನು ನಂಬಿ ಡೌನ್‌ಲೋಡಿಸೋರು ಇಂಗ್ಲಿಷಿನ ಆ ಮೂರನೇ ಪುಟದ ಸಣ್ಣಕ್ಷರ ಓದೋರಲ್ಲ, ಕನ್ನಡದಲ್ಲಿ ನಾವು ಬರೆದದ್ದನ್ನು ಓದೋರು. ಮುಂದಿನ ಸಲ ಆ ಪಟ್ಟಿಗೆ ಶಟ್‌ಡೌನ್ ಟೈಮರ್ ಸೇರಿಸೋಕೆ ಮುಂಚೆ ಆ ಆಜ್ಞೆಯ ಒಂದು ಸಾಲನ್ನೂ, ರದ್ದು ಮಾಡೋ ಇನ್ನೊಂದು ಸಾಲನ್ನೂ ಮೊದಲು ಬರೀರಿ. ಅದಾದ ಮೇಲೂ ಬೇಕು ಅನ್ನೋರಿಗೆ ನಿಮ್ಮ ಹತ್ತರ ಪಟ್ಟಿ ಕೊಡಿ, ನನ್ನದೇನೂ ಅಭ್ಯಂತರ ಇಲ್ಲ.