ವರ್ಷಕ್ಕೊಮ್ಮೆ ಬಿಲ್ಲು ಬಿಚ್ಚಿ ನೋಡೋಣ: ಬ್ರಿಟನ್ನಿನ ಕನ್ನಡಿಗರಲ್ಲಿ ಒಂದು ಕಳಕಳಿಯ ಮನವಿ

ಕರೆಂಟು ಎಂದರೆ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಎಂದು ತಿಳಿದು ಬೆಳೆದವರು ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮಲ್ಲಿ ಬಹಳ ಮಂದಿ. ಊರು ಯಾವ ಕಂಪನಿಯ ವ್ಯಾಪ್ತಿಗೆ ಬರುತ್ತದೋ ಅದರದೇ ಬಿಲ್ಲು. ಯೂನಿಟ್ಟಿನ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಮಾಡುತ್ತದೆ, ಮನೆಯವರು ಕಟ್ಟುತ್ತಾರೆ. ಆ ರೂಢಿ ನಮ್ಮೊಡನೆ ಇಲ್ಲಿಗೂ ಬಂದಿದೆ. ಆದರೆ ಇಲ್ಲಿನ ಲೆಕ್ಕವೇ ಬೇರೆ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ರ ದಶಕದ ಕೊನೆಯ ವರ್ಷಗಳಲ್ಲಿ ಮನೆಬಳಕೆಯ ಗ್ಯಾಸ್ ಮತ್ತು ವಿದ್ಯುತ್ ಮಾರಾಟವನ್ನು ಸ್ಪರ್ಧೆಗೆ ತೆರೆದಾಗಿನಿಂದ ಯಾವ ಕಂಪನಿಯಿಂದ ಕೊಳ್ಳಬೇಕೆಂಬುದು ಮನೆಯವರ ಆಯ್ಕೆ. ಆಯ್ಕೆ ಮಾಡದೆ ಸುಮ್ಮನಿದ್ದರೆ ಅದಕ್ಕೂ ಒಂದು ಬೆಲೆಯಿದೆ. ಅದು ತಿಂಗಳು ತಿಂಗಳು ನಮ್ಮ ಬ್ಯಾಂಕ್ ಖಾತೆಯಿಂದ ಸದ್ದಿಲ್ಲದೆ ಕಡಿತವಾಗುತ್ತಿರುತ್ತದೆ. ನನ್ನ ಕೋರಿಕೆ ಇಷ್ಟೇ: ವರ್ಷಕ್ಕೊಮ್ಮೆ ಬಿಲ್ಲನ್ನು ಮುಂದಿಟ್ಟುಕೊಂಡು ದರ ಹೋಲಿಸಿ ನೋಡಿ. ಲಾಭ ಕಂಡರೆ ಕಂಪನಿ ಬದಲಾಯಿಸಿ, ಕಾಣದಿದ್ದರೆ ಇದ್ದಲ್ಲೇ ಇರಿ. ನೋಡದೇ ಇರುವುದು ಮಾತ್ರ ಬೇಡ.

ಸುಮ್ಮನಿರುವುದಕ್ಕೆ ತೆರುವ ಬೆಲೆ ಊಹೆಯ ಮಾತಲ್ಲ. ಇಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ ಎರಡು ವರ್ಷ ತನಿಖೆ ನಡೆಸಿ 2016ರಲ್ಲಿ ಅಂತಿಮ ವರದಿ ಕೊಟ್ಟಿತು. ಆರು ದೊಡ್ಡ ಕಂಪನಿಗಳ ಗೃಹ ಗ್ರಾಹಕರಲ್ಲಿ ಸುಮಾರು ಶೇಕಡ 70ರಷ್ಟು ಮಂದಿ ದುಬಾರಿಯಾದ ‘ಸ್ಟ್ಯಾಂಡರ್ಡ್ ವೇರಿಯಬಲ್’ ದರದಲ್ಲೇ ಉಳಿದಿದ್ದಾರೆ, ಸ್ಪರ್ಧೆ ಸರಿಯಾಗಿ ನಡೆದಿದ್ದರೆ ಕಟ್ಟಬೇಕಾಗಿದ್ದಕ್ಕಿಂತ ವರ್ಷಕ್ಕೆ ಸರಾಸರಿ 140 ಕೋಟಿ ಪೌಂಡ್ ಹೆಚ್ಚಿಗೆ ಗ್ರಾಹಕರಿಂದ ಹೋಗುತ್ತಿದೆ ಎಂದು ಅದು ಲೆಕ್ಕ ಹಾಕಿತು. ಇದು ಆಗುವ ಬಗೆ ಸರಳ. ಹೊಸ ಗ್ರಾಹಕರನ್ನು ಸೆಳೆಯಲು ಕಂಪನಿ ಒಂದೆರಡು ವರ್ಷದ ಅಗ್ಗದ ಫಿಕ್ಸೆಡ್ ದರ ಕೊಡುತ್ತದೆ. ಅವಧಿ ಮುಗಿದ ದಿನ ಗ್ರಾಹಕ ಏನೂ ಹೇಳದಿದ್ದರೆ ತಾನಾಗಿ ವೇರಿಯಬಲ್ ದರಕ್ಕೆ ಜಾರುತ್ತಾನೆ. ಹೊಸದಾಗಿ ಬಾಡಿಗೆ ಮನೆಗೆ ಬಂದವರ ಪಾಡೂ ಇದೇ: ಹಿಂದಿನ ಬಾಡಿಗೆದಾರರು ಯಾವ ಕಂಪನಿಯಲ್ಲಿದ್ದರೋ ಅದೇ ಕಂಪನಿಯ ಇಂಥ ದರದಲ್ಲಿ ಇವರ ಲೆಕ್ಕ ಶುರುವಾಗುತ್ತದೆ. ಹತ್ತು ವರ್ಷ ಒಂದೇ ಕಂಪನಿಯಲ್ಲಿ ನಿಷ್ಠೆಯಿಂದ ಇದ್ದವರಿಗೆ ರಿಯಾಯಿತಿ ಸಿಗುವುದಿರಲಿ, ಅವರ ಮೌನವೇ ಕಂಪನಿಗೆ ಆದಾಯ.

‘ಈಗ ಸರ್ಕಾರದ ಪ್ರೈಸ್ ಕ್ಯಾಪ್ ಇದೆಯಲ್ಲ, ಇನ್ನೇಕೆ ಈ ತಲೆನೋವು’ ಎಂದು ಕೇಳುವವರಿದ್ದಾರೆ. 2018ರ ಕಾಯ್ದೆಯ ಪ್ರಕಾರ 2019ರ ಜನವರಿ 1ರಿಂದ ನಿಯಂತ್ರಣ ಸಂಸ್ಥೆ ಆಫ್ಜೆಮ್ ಈ ಮಿತಿಯನ್ನು ಜಾರಿಗೆ ತಂದದ್ದು ನಿಜ, ಅದರಿಂದ ಮಿತಿಮೀರಿದ ಸುಲಿಗೆ ತಗ್ಗಿದ್ದೂ ನಿಜ. ಆದರೆ ಕ್ಯಾಪ್ ಏನನ್ನು ಕಾಯುತ್ತದೆ ಎಂಬುದನ್ನು ತಿಳಿಯಬೇಕು. ಸುದ್ದಿಯಲ್ಲಿ ಬರುವ ಮೊತ್ತ ನಮ್ಮ ಬಿಲ್ಲಿನ ಗರಿಷ್ಠ ಮಿತಿಯಲ್ಲ. ಸಾಧಾರಣ ಬಳಕೆಯ ಮನೆಯೊಂದನ್ನು ಊಹಿಸಿಕೊಂಡು ಹಾಕಿದ ವಾರ್ಷಿಕ ಅಂದಾಜು ಅದು. ನಿಜವಾದ ಮಿತಿ ಇರುವುದು ಯೂನಿಟ್ ದರಕ್ಕೆ ಮತ್ತು ದಿನದ ಸ್ಟ್ಯಾಂಡಿಂಗ್ ಚಾರ್ಜಿಗೆ. ಹೆಚ್ಚು ಬಳಸಿದರೆ ಹೆಚ್ಚೇ ಬಿಲ್ಲು. ಆ ಮಿತಿಯೂ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಮೊದಲ ಕ್ಯಾಪ್ ಪ್ರಕಾರ ಸಾಧಾರಣ ಮನೆಯ ವಾರ್ಷಿಕ ಅಂದಾಜು 1,137 ಪೌಂಡ್ ಇತ್ತು. 2023ರ ಜನವರಿಗೆ ಅದು 4,279 ಪೌಂಡಿಗೆ ಏರಿತು, ಸರ್ಕಾರ ಬೇರೆಯೇ ಖಾತರಿ ದರ ತಂದು ಜನರನ್ನು ಕಾಪಾಡಬೇಕಾಯಿತು. ಎಂಆರ್‌ಪಿ ಮುದ್ರಿಸಿದ ಮಾತ್ರಕ್ಕೆ ಎಲ್ಲ ಅಂಗಡಿಯವರೂ ಅದೇ ಬೆಲೆಗೆ ಮಾರಬೇಕೆಂದಿಲ್ಲವಲ್ಲ, ಕ್ಯಾಪ್ ಕೂಡ ಹಾಗೆಯೇ. ಅದಕ್ಕಿಂತ ಮೇಲೆ ಹೋಗಬಾರದು ಎನ್ನುತ್ತದೆ, ಇದೇ ಸರಿಯಾದ ಬೆಲೆ ಎನ್ನುವುದಿಲ್ಲ.

ಹೋಲಿಸುವುದು ಹೇಗೆ? ನಮ್ಮವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ‘ನಿಮಗೆ ಡೈರೆಕ್ಟ್ ಡೆಬಿಟ್ ಎಷ್ಟು ಹೋಗುತ್ತದೆ’ ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಆ ಮೊತ್ತ ಕಂಪನಿ ಅಂದಾಜಿನಲ್ಲಿ ಕಟ್ಟಿಸಿಕೊಳ್ಳುವ ಕಂತು, ದರವಲ್ಲ. ಬಿಲ್ಲಿನಲ್ಲಿ ನೋಡಬೇಕಾದದ್ದು ಟ್ಯಾರಿಫ್ಫಿನ ಹೆಸರು, ಅದು ಮುಗಿಯುವ ದಿನಾಂಕ, ಯೂನಿಟ್ಟಿನ ದರ, ಸ್ಟ್ಯಾಂಡಿಂಗ್ ಚಾರ್ಜ್, ಮತ್ತು ಕಳೆದ ವರ್ಷದ ಒಟ್ಟು ಬಳಕೆ. ಆಫ್ಜೆಮ್ 2023ರ ಅಕ್ಟೋಬರ್‌ನಿಂದ ಸಾಧಾರಣ ಮನೆಗೆ ಹಿಡಿದ ಲೆಕ್ಕ ವರ್ಷಕ್ಕೆ 2,700 ಯೂನಿಟ್ ವಿದ್ಯುತ್, 11,500 ಯೂನಿಟ್ ಗ್ಯಾಸ್. ಅಂಥ ಮನೆಯಲ್ಲಿ ವಿದ್ಯುತ್ ದರದಲ್ಲಿ ಒಂದು ಪೆನ್ನಿಯ ವ್ಯತ್ಯಾಸಕ್ಕೆ ವರ್ಷಕ್ಕೆ 27 ಪೌಂಡ್ ಆದರೆ, ಗ್ಯಾಸಿನಲ್ಲಿ ಅದೇ ಒಂದು ಪೆನ್ನಿಗೆ 115 ಪೌಂಡ್. ಚಳಿಗಾಲವಿಡೀ ಹೀಟಿಂಗ್ ಉರಿಸುವ ಮನೆ ಗ್ಯಾಸಿನ ದರವನ್ನೇ ಮೊದಲು ನೋಡಬೇಕು. ಒಬ್ಬರೇ ಇರುವ ಸಣ್ಣ ಫ್ಲ್ಯಾಟಿನಲ್ಲಿ ಬಳಕೆ ಕಡಿಮೆ, ಅಲ್ಲಿ ಸ್ಟ್ಯಾಂಡಿಂಗ್ ಚಾರ್ಜ್ ಭಾರ. ಅದರಲ್ಲಿ ದಿನಕ್ಕೆ ಹತ್ತು ಪೆನ್ನಿ ಕಡಿಮೆಯಾದರೂ ವರ್ಷಕ್ಕೆ 36 ಪೌಂಡಿನ ಮೇಲೆ ಉಳಿತಾಯ. ವಿದ್ಯುತ್, ಗ್ಯಾಸ್ ಎರಡನ್ನೂ ಒಂದೇ ಕಂಪನಿಯಿಂದ ಕೊಳ್ಳಬೇಕೆಂಬ ನಿಯಮವೂ ಇಲ್ಲ. ನಿಮ್ಮ ಬಿಲ್ಲಿನ ಅಂಕಿಗಳನ್ನು ಆಫ್ಜೆಮ್ ಮಾನ್ಯತೆ ಪಡೆದ ಹೋಲಿಕೆ ತಾಣದಲ್ಲಿ ತುಂಬಿದರೆ ನಿಮ್ಮ ಮನೆಯ ಲೆಕ್ಕ ನಿಮ್ಮ ಕಣ್ಣ ಮುಂದೆ ಬರುತ್ತದೆ. ನೆರೆಮನೆಗೆ ಅಗ್ಗವಾದದ್ದು ನಮಗೂ ಅಗ್ಗವಾಗಬೇಕೆಂದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಬರುವ ‘ಈ ಲಿಂಕಿನಿಂದ ಸೇರಿದರೆ ಇಬ್ಬರಿಗೂ ಬಹುಮಾನ’ ಎಂಬ ಸಂದೇಶವನ್ನು ಈ ಲೆಕ್ಕ ಮುಗಿದ ಮೇಲೆ ನೋಡಿದರೆ ಸಾಕು.

ಬದಲಾಯಿಸುವಾಗ ಮನೆ ಕತ್ತಲಾದೀತು ಎಂಬ ಭಯ ಬೇಡ. ತಂತಿ, ಪೈಪು, ಮೀಟರ್ ಯಾವುದನ್ನೂ ಯಾರೂ ಬಂದು ಬಿಚ್ಚುವುದಿಲ್ಲ. ಬಿಲ್ಲು ಕಳಿಸುವ ಕಂಪನಿ ಬದಲಾಗುತ್ತದೆ ಅಷ್ಟೆ. ಕರೆಂಟು ಹೋದರೆ ಯಾವ ಕಂಪನಿಯ ಗ್ರಾಹಕರೂ 105ಕ್ಕೆ, ಗ್ಯಾಸಿನ ವಾಸನೆ ಬಂದರೆ 0800 111 999ಕ್ಕೆ ಕರೆ ಮಾಡುವುದು. ಹಳೆಯ ಕಂಪನಿಗೆ ಫೋನು ಮಾಡಿ ವಾದಿಸುವ ಅಗತ್ಯವೂ ಇಲ್ಲ, ಆ ಕೆಲಸ ಹೊಸ ಕಂಪನಿಯದು. 2022ರ ಜುಲೈಯಿಂದ ಬದಲಾವಣೆ ಐದು ಕೆಲಸದ ದಿನಗಳಲ್ಲಿ ಮುಗಿಯುವ ವ್ಯವಸ್ಥೆಯಿದೆ. ಮನಸ್ಸು ಬದಲಾದರೆ ಒಪ್ಪಂದದಿಂದ ಹಿಂದೆ ಸರಿಯಲು 14 ದಿನಗಳ ಅವಕಾಶವೂ ಇದೆ. ಬದಲಾಗುವ ದಿನ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯ ಕಂಪನಿಯ ಕೊನೆಯ ಬಿಲ್ಲಿನಲ್ಲಿ ತಪ್ಪಿದ್ದರೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ.

ಕಂಪನಿ ಮುಳುಗಿದರೆ ಏನು ಗತಿ ಎಂಬ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. 2021ರಲ್ಲಿ ಗ್ಯಾಸಿನ ಸಗಟು ಬೆಲೆ ಗಗನಕ್ಕೇರಿದಾಗ ಮೂವತ್ತರ ಹತ್ತಿರ ಕಂಪನಿಗಳು ಬಾಗಿಲು ಹಾಕಿದವು, ಬಲ್ಬ್‌ನಂಥ ದೊಡ್ಡದೂ ವಿಶೇಷ ಆಡಳಿತಕ್ಕೆ ಹೋಯಿತು. ಆದರೆ ಯಾರ ಮನೆಯ ದೀಪವೂ ಅದರಿಂದ ಆರಲಿಲ್ಲ. ಬಾಗಿಲು ಹಾಕಿದ ಕಂಪನಿಗಳ ಗ್ರಾಹಕರನ್ನು ಆಫ್ಜೆಮ್ ಬೇರೆ ಕಂಪನಿಗಳಿಗೆ ಒಪ್ಪಿಸಿತು, ಅವರ ಜಮೆಯ ಹಣಕ್ಕೂ ರಕ್ಷಣೆ ಸಿಕ್ಕಿತು. ಅದರ ವೆಚ್ಚವನ್ನು ಎಲ್ಲರ ಬಿಲ್ಲಿಗೂ ಹಂಚಲಾಯಿತು, ಹಾಗಾಗಿ ಎಂದೂ ಕಂಪನಿ ಬದಲಾಯಿಸದೆ ಕುಳಿತವರೂ ಆ ಹೊರೆ ಹೊತ್ತರು. ಆ ಕಾಲದಲ್ಲಿ ಅಗ್ಗದ ಫಿಕ್ಸೆಡ್ ದರಗಳೇ ಮಾಯವಾಗಿದ್ದವು, ಇದ್ದಲ್ಲೇ ಇರುವುದು ಜಾಣತನವಾಗಿತ್ತು. ದುಬಾರಿ ದರಕ್ಕೆ ಫಿಕ್ಸ್ ಮಾಡಿಕೊಂಡವರು 2023ರಲ್ಲಿ ಬೆಲೆ ಇಳಿದಾಗ ಕೈಸುಟ್ಟುಕೊಂಡರು. ಅದಕ್ಕೇ ನಾನು ಬದಲಾಯಿಸಲೇಬೇಕು ಎನ್ನುತ್ತಿಲ್ಲ, ನೋಡಲೇಬೇಕು ಎನ್ನುತ್ತಿದ್ದೇನೆ. ಫಿಕ್ಸೆಡ್ ದರಕ್ಕೆ ಒಪ್ಪುವ ಮುನ್ನ ಎಕ್ಸಿಟ್ ಫೀ ಎಷ್ಟೆಂದು ಓದಿಕೊಳ್ಳಿ. ಅವಧಿಯ ಕೊನೆಯ 49 ದಿನಗಳಲ್ಲಿ ಬಿಟ್ಟುಹೋದರೆ ಆ ಶುಲ್ಕ ಹಾಕುವಂತಿಲ್ಲ ಎಂಬುದು ನೆನಪಿರಲಿ. ಸಿಟಿಜನ್ಸ್ ಅಡ್ವೈಸ್ ಸಂಸ್ಥೆ ಕಂಪನಿಗಳ ಗ್ರಾಹಕ ಸೇವೆಗೆ ಅಂಕ ಕೊಡುತ್ತದೆ, ದರದ ಜೊತೆಗೆ ಅದನ್ನೂ ತೂಗಿ ನೋಡಿ.

‘ನಾವು ಬಾಡಿಗೆಯವರು, ನಮಗೆಲ್ಲಿಯ ಹಕ್ಕು’ ಎಂದು ಹಿಂಜರಿಯುವವರೂ ಕೇಳಬೇಕು. ಕಂಪನಿಗೆ ನೇರವಾಗಿ ಬಿಲ್ಲು ಕಟ್ಟುವವರು ನೀವಾದರೆ ಆಯ್ಕೆ ನಿಮ್ಮದು. ಬಾಡಿಗೆಯಲ್ಲೇ ಬಿಲ್ಲು ಸೇರಿದ್ದರೆ ಮಾತ್ರ ಅದು ಮಾಲೀಕರದು. ಪ್ರೀಪೇಮೆಂಟ್ ಮೀಟರ್ ಇದ್ದು ಬಾಕಿ ಉಳಿದವರೂ, ಒಂದೊಂದು ಇಂಧನಕ್ಕೆ 500 ಪೌಂಡಿನವರೆಗಿನ ಬಾಕಿಯನ್ನು ಹೊಸ ಕಂಪನಿಗೆ ವರ್ಗಾಯಿಸಿಕೊಂಡು ಬದಲಾಗಬಹುದು. ವಾರ್ಮ್ ಹೋಮ್ ಡಿಸ್ಕೌಂಟ್ ಪಡೆಯುವವರು ಹೊಸ ಕಂಪನಿಯೂ ಅದನ್ನು ಕೊಡುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಇನ್ನೊಂದು ಮಾತು ನಮ್ಮ ಸಮುದಾಯಕ್ಕೆ. ದರ ಹೋಲಿಸುವವರು ಹೆಚ್ಚಾಗಿ ಕಂಪ್ಯೂಟರ್ ಬಳಸಬಲ್ಲವರು, ಇಂಗ್ಲಿಷ್ ಬಿಲ್ಲನ್ನು ನಿರಾಳವಾಗಿ ಓದಬಲ್ಲವರು. ಹೆಚ್ಚು ತೆರುವವರು ಒಂಟಿಯಾಗಿರುವ ಹಿರಿಯರು, ಈಗಷ್ಟೇ ಬಂದಿಳಿದ ಸಂಸಾರಗಳು, ಹಂಚಿಕೊಂಡ ಮನೆಗಳಲ್ಲಿ ದಿನ ದೂಡುವ ವಿದ್ಯಾರ್ಥಿಗಳು. ಇವರಲ್ಲಿ ಚಳಿ ತಡೆದುಕೊಂಡು ಹೀಟಿಂಗ್ ಆರಿಸಿ ಕೂರುವವರಿಗೆ ಉಳಿಯುವ ನೂರು ಪೌಂಡ್ ಸಣ್ಣ ಮೊತ್ತವಲ್ಲ. ಕನ್ನಡ ಬಳಗ ಯುಕೆಯಂಥ ಸಂಘಗಳು ಯುಗಾದಿ, ದೀಪಾವಳಿಗೆ ಜನರನ್ನು ಸೇರಿಸುತ್ತವೆ. ಅಲ್ಲಿ ಒಂದು ಮೇಜು ಹಾಕಿ, ಬಿಲ್ಲು ತಂದವರಿಗೆ ಕನ್ನಡದಲ್ಲಿ ಓದಿ ಹೇಳುವ ಇಬ್ಬರು ಯುವಕ ಯುವತಿಯರನ್ನು ಕೂರಿಸಿದರೆ ಅದು ದೊಡ್ಡ ಸೇವೆ. ಲೆಕ್ಕ ತೋರಿಸಿ, ತೀರ್ಮಾನವನ್ನು ಅವರಿಗೇ ಬಿಡಿ. ತಾವಾಗಿ ಫೋನು ಮಾಡಿ ಬ್ಯಾಂಕ್ ವಿವರ ಕೇಳುವವರಿಗೆ ಏನನ್ನೂ ಹೇಳಬಾರದೆಂದು ಹಿರಿಯರಿಗೆ ತಪ್ಪದೆ ಎಚ್ಚರಿಸಿ. ಗ್ರಾಹಕರು ನೋಡುತ್ತಿದ್ದಾರೆ ಎಂಬ ಅರಿವು ಕಂಪನಿಗಳಿಗಿದ್ದರೆ ಮಾತ್ರ ಸ್ಪರ್ಧೆ ನ್ಯಾಯವಾಗಿ ನಡೆಯುತ್ತದೆ. ಈ ವಾರವೇ ನಿಮ್ಮ ಬಿಲ್ಲನ್ನು ತೆಗೆದು ಟ್ಯಾರಿಫ್ ಮುಗಿಯುವ ದಿನಾಂಕವನ್ನು ಗುರುತು ಹಾಕಿಕೊಳ್ಳಿ. ಹಾಗೆಯೇ, ನಿಮಗೆ ಪರಿಚಯವಿರುವ ಒಬ್ಬ ಹಿರಿಯರ ಬಿಲ್ಲನ್ನೂ ಅವರ ಜೊತೆ ಕುಳಿತು ಓದಿ.