ಚಳಿಗೆ ಸೆಟೆಯುವ ಟೈರು

ಮಕ್ಕಳೇ, ಜರ್ಮನಿಯಲ್ಲಿ ಒಂದು ಕಾರಿಗೆ ಎಷ್ಟು ಟೈರು ಎಂದು ಕೇಳಿದರೆ ನಾಲ್ಕು ಎಂದೋ, ಸ್ಟೆಪ್ನಿ ಸೇರಿಸಿ ಐದು ಎಂದೋ ಹೇಳಿಬಿಡಬೇಡಿ. ಅಲ್ಲಿ ಬಹಳಷ್ಟು ಮನೆಗಳಲ್ಲಿ ಎಂಟು. ನಾಲ್ಕು ಬೇಸಿಗೆಗೆ, ನಾಲ್ಕು ಚಳಿಗಾಲಕ್ಕೆ. ಯಾವಾಗ ಬದಲಾಯಿಸಬೇಕು ಎಂಬುದಕ್ಕೆ ಅವರ ಬಾಯಲ್ಲಿ ಒಂದು ಸುಲಭದ ಮಾತಿದೆ: ‘ಓ’ದಿಂದ ‘ಓ’ವರೆಗೆ. ಅಂದರೆ ಅಕ್ಟೋಬರಿನಿಂದ ಈಸ್ಟರ್ ಹಬ್ಬದವರೆಗೆ. ಈಸ್ಟರಿಗೆ ಜರ್ಮನ್ ಭಾಷೆಯಲ್ಲಿ ಓಸ್ಟರ್ನ್ ಎನ್ನುತ್ತಾರೆ.

ಆ ಕಾಲದಲ್ಲಿ ಬಳಸದ ನಾಲ್ಕು ಟೈರುಗಳು ಎಲ್ಲಿರುತ್ತವೆ? ನೆಲಮಾಳಿಗೆಯಲ್ಲಿ, ಇಲ್ಲವೇ ಟೈರ್ ಅಂಗಡಿಯವರ ಗೋದಾಮಿನಲ್ಲಿ. ಬಾಡಿಗೆ ಕೊಟ್ಟರೆ ಅವರೇ ಹೆಸರಿನ ಚೀಟಿ ಅಂಟಿಸಿ ಆರು ತಿಂಗಳು ಇಟ್ಟುಕೊಳ್ಳುತ್ತಾರೆ. ಇದಕ್ಕೆ ‘ಟೈರ್ ಹೋಟೆಲ್’ ಎಂದೇ ಹೆಸರು! ಊಟ ತಿಂಡಿ ಇಲ್ಲದ ಹೋಟೆಲು.

ಮಗಳ ಮನೆಗೆಂದು ದಕ್ಷಿಣ ಜರ್ಮನಿಗೆ ಹೋಗಿದ್ದಾಗ ನನಗೆ ಇದೆಲ್ಲ ದುಂದುವೆಚ್ಚ ಅನ್ನಿಸಿತ್ತು. ಟೈರು ದುಂಡಗೆ ಕಪ್ಪಗೆ ಇದ್ದರಾಯಿತು, ಅದಕ್ಕೆ ಋತುಮಾನ ಯಾಕೆ? ಆದರೆ ರಬ್ಬರಿನ ಸ್ವಭಾವ ತಿಳಿದ ಮೇಲೆ ವಿಷಯ ಬೇರೆಯೇ ಆಯಿತು.

ಒತ್ತು ಶ್ಯಾವಿಗೆ ನೋಡಿದ್ದೀರಲ್ಲ? ಬಿಸಿಯಾಗಿದ್ದಾಗ ಎಳೆಗಳು ಒಂದರ ಮೇಲೊಂದು ಜಾರಾಡುತ್ತವೆ. ಆರಿ ತಣ್ಣಗಾದರೆ ಮುದ್ದೆಗಟ್ಟಿ ಸೆಟೆಯುತ್ತವೆ. ರಬ್ಬರಿನ ಒಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಉದ್ದುದ್ದ ಎಳೆಗಳು ಹೀಗೇ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿರುತ್ತವೆ. ಬಿಸಿಯಲ್ಲಿ ಅವುಗಳಿಗೆ ಚುರುಕು, ಚಳಿಯಲ್ಲಿ ಆಲಸ್ಯ. ಕೊಬ್ಬರಿ ಎಣ್ಣೆಯ ಹಾಗೆ ಒಂದು ಹಂತ ಬಂದೊಡನೆ ಹೆಪ್ಪುಗಟ್ಟುವುದಲ್ಲ ಇದು. ಉಷ್ಣಾಂಶ ಇಳಿದಂತೆಲ್ಲ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗುತ್ತದೆ.

ಬಿಗಿದರೆ ಏನಾಯಿತು? ಡಾಂಬರು ರಸ್ತೆ ನಮಗೆ ನುಣುಪಾಗಿ ಕಂಡರೂ ಹೊಸದಾಗಿ ಕುಟ್ಟಿಸಿದ ಒರಳುಕಲ್ಲಿನ ಹಾಗೆ ಅದರ ಮೈತುಂಬ ಸಣ್ಣ ಸಣ್ಣ ಉಬ್ಬುತಗ್ಗು. ಟೈರಿನ ಮೆತ್ತಗಿನ ರಬ್ಬರು ಆ ತಗ್ಗುಗಳಿಗೆ ಇಳಿದು ಹಿಡಿದುಕೊಳ್ಳುತ್ತದೆ. ಆಗ ತಾನೇ ಕಲಸಿದ ಚಪಾತಿ ಹಿಟ್ಟನ್ನು ಒರಳಿಗೆ ಒತ್ತಿದರೆ ಕಲ್ಲಿನ ಅಚ್ಚೆಲ್ಲ ಅದರ ಮೇಲೆ ಮೂಡುತ್ತದೆ. ಫ್ರಿಜ್ಜಿನಿಂದ ತೆಗೆದ ಹಿಟ್ಟನ್ನು ಒತ್ತಿ ನೋಡಿ, ಉಬ್ಬುಗಳ ಮೇಲಷ್ಟೇ ಕೂರುತ್ತದೆ. ಚಳಿಯಲ್ಲಿ ಬೇಸಿಗೆ ಟೈರಿನ ಪಾಡೂ ಅದೇ. ಟೈರು ನೆಲಕ್ಕೆ ತಾಗುವ ಜಾಗವಾದರೂ ಎಷ್ಟು? ಒಂದೊಂದರದ್ದು ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ಒಂದೂವರೆ ಟನ್ನಿನ ಕಾರು ನಿಲ್ಲಬೇಕಾದರೆ ಆ ನಾಲ್ಕು ಅಂಗೈಗಳೇ ಗತಿ.

ಚಳಿಗಾಲದ ಟೈರಿಗೆ ಚಳಿಯಲ್ಲೂ ಮೆತ್ತಗೇ ಉಳಿಯುವ ರಬ್ಬರಿನ ಮಿಶ್ರಣ ಬಳಸುತ್ತಾರೆ. ಅದರ ಮೇಲ್ಮೈ ತುಂಬ ಬ್ಲೇಡಿನಿಂದ ಗೀರಿದಂಥ ಸೀಳುಗಳು. ಅವಕ್ಕೆ ಸೈಪ್ ಎಂದು ಹೆಸರು. ಜಾನ್ ಸೈಪ್ ಎಂಬ ಅಮೆರಿಕದವರು ರಬ್ಬರಿಗೆ ಹೀಗೆ ಸೀಳು ಹಾಕುವ ಉಪಾಯಕ್ಕೆ 1923ರಲ್ಲಿ ಪೇಟೆಂಟ್ ಪಡೆದಿದ್ದರು. ಹಿಮದ ಮೇಲೆ ಉರುಳುವಾಗ ಟೈರಿನ ಸೀಳು ಮತ್ತು ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ. ಹಾಗೆ ತುಂಬಿಕೊಳ್ಳುವುದೇ ಒಳ್ಳೆಯದು. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುತ್ತದೆ, ಇಲ್ಲದಿದ್ದರೆ ಮಕ್ಕಳು ಹಿಮದ ಉಂಡೆ ಕಟ್ಟುವುದು ಹೇಗೆ?

ಇಂಥ ಟೈರು ಮೊದಲು ಬಂದದ್ದು ಫಿನ್ಲೆಂಡಿನಿಂದ, 1934ರಲ್ಲಿ, ಲಾರಿಗಳಿಗಾಗಿ. ಎರಡು ವರ್ಷಗಳ ನಂತರ ಕಾರುಗಳಿಗೂ ತಯಾರಿಸಿ ‘ಹಕ್ಕಪೆಲೀಟ್ಟ’ ಎಂದು ಹೆಸರಿಟ್ಟರು. ಆ ಕಾರ್ಖಾನೆ ಇದ್ದ ಊರು ನೋಕಿಯಾ. ಅಜ್ಜ ಅಜ್ಜಿಯರಿಗೆ ತಮ್ಮ ಮೊದಲ ಮೊಬೈಲು ನೆನಪಾಗಿರಬೇಕು! ಹೌದು, ಅದೇ ನೋಕಿಯಾ. ಆ ರಬ್ಬರ್ ಕಂಪನಿ, ಒಂದು ಕಾಗದದ ಕಂಪನಿ, ಒಂದು ಕೇಬಲ್ ಕಂಪನಿ ಸೇರಿ 1967ರಲ್ಲಿ ಒಂದಾದವು. ಫೋನಿನ ವ್ಯವಹಾರ ಬೆಳೆದದ್ದು ಆಮೇಲೆ.

ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರು ತೆಗೆಯಿರಿ ಎಂದು ಟೈರು ಮಾರುವವರು ಹೇಳುತ್ತಾರೆ. ಇದನ್ನು ಲಕ್ಷ್ಮಣರೇಖೆ ಎಂದುಕೊಳ್ಳಬೇಡಿ. 8 ಡಿಗ್ರಿಯಲ್ಲಿ ಹಿಡಿಯುವ ಟೈರು 6 ಡಿಗ್ರಿಗೆ ಕೈಬಿಡುವುದಿಲ್ಲ. ರಸ್ತೆ ಒಣಗಿದ್ದರೆ ಒಳ್ಳೆಯ ಬೇಸಿಗೆ ಟೈರು ಅಷ್ಟು ಚಳಿಯಲ್ಲೂ ಚೆನ್ನಾಗಿಯೇ ನಿಲ್ಲಬಹುದು. ರಸ್ತೆ ಒದ್ದೆಯಾಗಿ ಚಳಿ ಹೆಚ್ಚಿದಂತೆ ಅದರ ಮೇಲುಗೈ ಕರಗುತ್ತದೆ. ಹಿಮ ಬಿದ್ದಿತೋ, ಆಟ ಮುಗಿಯಿತು. ಕ್ರೀಡಾ ಕಾರುಗಳ ಕೆಲವು ಬೇಸಿಗೆ ಟೈರುಗಳಿಗಂತೂ ಕಂಪನಿಯವರೇ ಎಚ್ಚರಿಕೆ ಕೊಟ್ಟಿರುತ್ತಾರೆ: ಕಡುಚಳಿಯಲ್ಲಿ ಓಡಿಸಿದರೆ ರಬ್ಬರು ಬಿರುಕು ಬಿಡಬಹುದು ಎಂದು. ಅಂದ ಹಾಗೆ, ನಮ್ಮ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದ್ದರಿಂದ ನಮ್ಮ ಕಾರುಗಳಿಗೆ ಎಂಟು ಟೈರಿನ ಚಿಂತೆ ಬೇಡ.

ಹಿಮದಲ್ಲಿ ಆಟ ಮುಗಿಯಿತು ಎಂದೆನಲ್ಲ, ಅದನ್ನು ಒಮ್ಮೆ ಕಣ್ಣಾರೆ ಕಂಡೆ. ನವೆಂಬರಿನ ಮೊದಲ ಹಿಮ. ಮೊಮ್ಮಗಳನ್ನು ಶಾಲೆಗೆ ಬಿಡಲು ಹೋಗಿದ್ದೆ. ಶಾಲೆಯ ಮುಂದಿನ ಇಳಿಜಾರಿನಲ್ಲಿ ಒಂದು ಕಾರು ನಾವು ನಡೆಯುವುದಕ್ಕಿಂತ ತುಸುವೇ ಜೋರಾಗಿ ಬರುತ್ತಿತ್ತು. ಚಾಲಕ ಬ್ರೇಕು ತುಳಿದ, ಕಟಕಟ ಎಂದು ಅದು ಕೆಲಸ ಮಾಡುವ ಸದ್ದೂ ಕೇಳಿಸಿತು. ಕಾರು ಮಾತ್ರ ನಿಲ್ಲಲಿಲ್ಲ. ಅವಸರವೇ ಇಲ್ಲದೆ, ಬಚ್ಚಲಲ್ಲಿ ಸೋಪು ಜಾರಿದ ಹಾಗೆ, ಮಕ್ಕಳು ದಾಟುವ ಬಿಳಿ ಪಟ್ಟೆಗಳ ಮೇಲೆ ಬಂದು ನಿಂತಿತು. ದಾರಿ ದಾಟಿಸುವ ಹೆಂಗಸು ಎರಡೂ ಕೈ ಚಾಚಿ ಮಕ್ಕಳನ್ನು ಹಿಂದಕ್ಕೆ ತಡೆದಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಚಾಲಕ ಇಳಿದು ಬಂದಾಗ ಅವನ ಮುಖ ಹಿಮಕ್ಕಿಂತ ಬಿಳುಪಾಗಿತ್ತು. ಟೈರು ಬದಲಾಯಿಸಲು ಮುಂದಿನ ವಾರ ದಿನ ಗೊತ್ತಾಗಿತ್ತಂತೆ.

ಇದರ ಲೆಕ್ಕವನ್ನು ದೊಡ್ಡ ತರಗತಿಯ ಮಕ್ಕಳು ಮಾಡಿ ನೋಡಬಹುದು. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಆ ವೇಗದಲ್ಲಿ ಬ್ರೇಕು ಹಾಕಿದರೆ ಒಣ ಡಾಂಬರಿನ ಮೇಲೆ ಕಾರು ಸುಮಾರು 6-7 ಮೀಟರಿನಲ್ಲಿ ನಿಲ್ಲುತ್ತದೆ. ಟೈರಿನ ಹಿಡಿತ ಅದರ ಕಾಲು ಭಾಗಕ್ಕೆ ಇಳಿದರೆ ಸುಮಾರು 25 ಮೀಟರು ಬೇಕು. ಮಂಜುಗಡ್ಡೆಯ ಮೇಲಾದರೆ 50 ಮೀಟರ್ ದಾಟಿದರೂ ಆಶ್ಚರ್ಯವಿಲ್ಲ. ಈಗಿನ ಕಾರುಗಳಲ್ಲಿ ಎಬಿಎಸ್ ಇದೆಯಲ್ಲ ಎನ್ನುವವರಿದ್ದಾರೆ. ಅದು ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ, ಇಲ್ಲದ ಹಿಡಿತವನ್ನು ಎಲ್ಲಿಂದ ತಂದುಕೊಟ್ಟೀತು?

ಚಳಿಗೆ ಟೈರಿನೊಳಗಿನ ಗಾಳಿಯೂ ಕುಗ್ಗುತ್ತದೆ. 25 ಡಿಗ್ರಿಯಲ್ಲಿ 33 ಪಿಎಸ್ಐ ತುಂಬಿಸಿದ ಟೈರು ಸೊನ್ನೆಗಿಂತ 5 ಡಿಗ್ರಿ ಕೆಳಗೆ ಹೋದಾಗ ಸುಮಾರು 28 ತೋರಿಸುತ್ತದೆ. ಎಲ್ಲೂ ಸೋರಿಲ್ಲ, ಆದರೂ ಖಾತೆಯಲ್ಲಿ 5 ಕಡಿಮೆ!

ಜರ್ಮನಿಯಲ್ಲಿ 2010ರ ಡಿಸೆಂಬರಿನಿಂದ ಕಾನೂನು ಸ್ಪಷ್ಟವಾಗಿದೆ. ತಾರೀಖಿನ ಲೆಕ್ಕವಿಲ್ಲ, ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲಕ್ಕೆ ತಕ್ಕ ಟೈರು ಇರಲೇಬೇಕು. ಇಲ್ಲದಿದ್ದರೆ 60 ಯೂರೋ ದಂಡ, ಲೈಸೆನ್ಸಿನ ಲೆಕ್ಕದಲ್ಲಿ ಒಂದು ಕಪ್ಪು ಚುಕ್ಕೆ. 2024ರ ಅಕ್ಟೋಬರಿನಿಂದ ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತನ್ನೂ ನೋಡುತ್ತಾರೆ. ಮಗ ಮಗಳು ಅಲ್ಲಿರುವ ಹಿರಿಯರು ವೀಡಿಯೊ ಕರೆಯಲ್ಲಿ ಸ್ವೆಟರ್ ಹಾಕಿಕೊಂಡೆಯಾ ಎಂದು ಕೇಳುವ ಜೊತೆಗೆ ಟೈರು ಬದಲಾಯಿಸಿದೆಯಾ ಎಂದೂ ಕೇಳಬಹುದು.

ಖರ್ಚು ಎರಡರಷ್ಟಲ್ಲವೇ? ಪೂರ್ತಿ ಅಲ್ಲ. ಒಂದು ಸೆಟ್ ಓಡುವಾಗ ಇನ್ನೊಂದು ಸವೆಯದೆ ಮಲಗಿರುತ್ತದೆ. ಬಿಕಾಂ ಪುಸ್ತಕದ ಪ್ರಕಾರ ಇದರ ಬಹುಪಾಲು ಮುಂಗಡ ಪಾವತಿ. ಬಿಚ್ಚಿ ಹಾಕುವ ಕೂಲಿ, ಹೋಟೆಲಿನ ಬಾಡಿಗೆ ಮಾತ್ರ ನಿಜವಾದ ಹೆಚ್ಚುವರಿ. ಹಾಗೆಂದು ಚಳಿಗಾಲದ ಟೈರನ್ನೇ ವರ್ಷವಿಡೀ ಓಡಿಸುವುದು ಜಾಣತನವಲ್ಲ. ಬಿಸಿಲಿನ ರಸ್ತೆಯಲ್ಲಿ ಅದು ಅತಿ ಮೆತ್ತಗಾಗಿ ಬೇಗ ಸವೆಯುತ್ತದೆ, ನಿಲ್ಲಲು ಹೆಚ್ಚು ದೂರ ಬೇಡುತ್ತದೆ.

ನೀವು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಒಂದೇ ಬಗೆಯ ಎರಡು ಟೆನಿಸ್ ಚೆಂಡು ತೆಗೆದುಕೊಳ್ಳಿ. ಒಂದನ್ನು ಮೂರು ಗಂಟೆ ಫ್ರೀಜರಿನಲ್ಲಿಡಿ, ಇನ್ನೊಂದು ಹೊರಗಿರಲಿ. ಆಮೇಲೆ ಎರಡನ್ನೂ ಅಜ್ಜನ ಹೆಗಲೆತ್ತರದಿಂದ ಒಟ್ಟಿಗೆ ಬಿಟ್ಟು, ಪುಟಿದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ತಣ್ಣಗಿನ ಚೆಂಡು ಕೆಳಗೇ ಉಳಿಯುತ್ತದೆ. ಅದರ ರಬ್ಬರು ಬಿಗಿದಿದೆ, ಒಳಗಿನ ಗಾಳಿಯ ಒತ್ತಡವೂ ಇಳಿದಿದೆ. ಅರ್ಧ ಗಂಟೆಗೊಮ್ಮೆ ಮತ್ತೆ ಬಿಟ್ಟು ನೋಡಿ, ಗುರುತು ಮೆಲ್ಲಗೆ ಮೇಲೇರುತ್ತದೆ. ಚೆಂಡನ್ನು ಫ್ರೀಜರಿಗೆ ಹಾಕುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಅದಕ್ಕೂ ಮೊದಲು ಅಜ್ಜಿಯನ್ನು ಕೇಳಿ.