ಹಗ್ಗ ಹಗುರವಾಯಿತು, ಹೊಣೆ ಹಗುರವಾಗದಿರಲಿ

ಮುಂಬಯಿಯ ಪರೇಲು, ವರಳಿಗಳಲ್ಲಿ ಗಿರಣಿಯ ಚಿಮಣಿಗಳು ಹೊಗೆಯಾಡುತ್ತಿದ್ದ ಜಾಗಗಳಲ್ಲಿ ಇಂದು ಐವತ್ತು, ಅರುವತ್ತು ಮಾಳಿಗೆಗಳ ಕಟ್ಟಡಗಳು ನಿಂತಿವೆ. ಅಲ್ಲಿ ವಾಸಿಸುವವರು ಬೇರೆ. ಆದರೆ ಊಟ ತಿಂಡಿ ಹೊತ್ತು ಅಲ್ಲಿ ಏರಿಳಿಯುವವರಲ್ಲಿ, ಕಟ್ಟಡ ಕಾಯುವವರಲ್ಲಿ ನಮ್ಮ ಬಾಂಧವರಿದ್ದಾರೆ. ಆದುದರಿಂದ ಲಿಫ್ಟನ್ನು ಎಳೆಯುವ ಹಗ್ಗದ ವಿಷಯವು ಇಂಜಿನಿಯರರಿಗೆ ಮಾತ್ರ ಸೇರಿದ್ದೆಂದು ನಾವು ಸುಮ್ಮನಿರುವಂತಿಲ್ಲ.

ಒಂದು ಕಾಲದಲ್ಲಿ ಗಣಿಗಳೊಳಗಿಂದ ಅದಿರನ್ನೆತ್ತಲು ನಾರಿನ ಹಗ್ಗ ಇಲ್ಲವೆ ಸರಪಳಿಯೇ ಗತಿಯಾಗಿತ್ತು. ಸರಪಳಿಯ ಒಂದು ಕೊಂಡಿ ಕಡಿದರೆ ಎಲ್ಲವೂ ಪಾತಾಳಕ್ಕೆ. 1834ರಲ್ಲಿ ಜರ್ಮನಿಯ ಹಾರ್ಟ್ಸ್ ಪ್ರದೇಶದ ಗಣಿ ಅಧಿಕಾರಿ ವಿಲ್‌ಹೆಲ್ಮ್ ಆಲ್ಬರ್ಟ್ ಎಂಬವರು ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿಸಿದರು. ಒಂದು ತಂತಿ ಕಡಿದರೂ ಉಳಿದವು ಭಾರ ಹೊರುತ್ತವೆ. ಮುಂದೆ ಲಿಫ್ಟಿಗೂ ಇಂಥ ಹಗ್ಗವೇ ಆಧಾರವಾಯಿತು.

ಈ ಉಕ್ಕಿನ ಹಗ್ಗದ ದೋಷವೆಂದರೆ ಅದರ ಸ್ವಂತ ಭಾರ. 13 ಮಿಲಿಮೀಟರ್ ದಪ್ಪದ ಹಗ್ಗವು ಮೀಟರಿಗೆ ಸುಮಾರು 600 ಗ್ರಾಂ ತೂಗುತ್ತದೆ. 400 ಮೀಟರ್ ಎತ್ತರಕ್ಕೆ ಅಂಥ ಆರು ಹಗ್ಗಗಳನ್ನು ಇಳಿಬಿಟ್ಟರೆ ಹಗ್ಗದ ತೂಕವೇ 1,400 ಕಿಲೋ ದಾಟುತ್ತದೆ. ಅಂದರೆ ಇಪ್ಪತ್ತು ಆಳುಗಳ ಭಾರ! 500 ಮೀಟರಿನ ಆಚೆಗೆ ಉಕ್ಕಿನ ಹಗ್ಗ ಒಂದೇ ಓಟದಲ್ಲಿ ಜನರನ್ನು ಒಯ್ಯುವುದು ಕಷ್ಟವೆಂದು ತಜ್ಞರು ಹೇಳುತ್ತಾರೆ.

ಇದಕ್ಕೆ ಉತ್ತರವಾಗಿ ಪಟ್ಟಾಗಳು ಬಂದಿವೆ. 2000ನೆಯ ಇಸವಿಯಲ್ಲಿ ಓಟಿಸ್ ಕಂಪೆನಿಯು ಸಪೂರವಾದ ಉಕ್ಕಿನ ಎಳೆಗಳನ್ನು ಪಾಲಿಯುರೆಥೇನ್ ಎಂಬ ರಬ್ಬರಿನಂಥ ವಸ್ತುವಿನಲ್ಲಿ ಹುದುಗಿಸಿದ ಚಪ್ಪಟೆ ಪಟ್ಟಾವನ್ನು ತಂದಿತು. 2013ರಲ್ಲಿ ಫಿನ್‌ಲೆಂಡಿನ ಕೋನೆ ಕಂಪೆನಿಯು ಉಕ್ಕನ್ನೇ ಬಿಟ್ಟು ಕಾರ್ಬನ್ ಎಳೆಗಳ ಪಟ್ಟಾವನ್ನು ಹೊರತಂದು, 1,000 ಮೀಟರಿನವರೆಗೂ ಒಂದೇ ಓಟ ಸಾಧ್ಯವೆಂದು ಸಾರಿತು. ಸೌದಿ ಅರೇಬಿಯದ ಜೆದ್ದಾದಲ್ಲಿ ಆ ಎತ್ತರವನ್ನೂ ಮೀರುವಂತೆ ಯೋಜಿಸಿದ ಗೋಪುರಕ್ಕೆ 2014ರಲ್ಲಿ ಇದನ್ನೇ ಗೊತ್ತುಮಾಡಲಾಯಿತು.

ಗಿರಣಿಯಲ್ಲಿ ದುಡಿದವರಿಗೆ ಇದು ಅಪರಿಚಿತ ವಿದ್ಯೆಯೇನಲ್ಲ. ಹಳೆಯ ಗಿರಣಿಗಳಲ್ಲಿ ಮಗ್ಗಗಳನ್ನು ಓಡಿಸುತ್ತಿದ್ದುದು ಚಪ್ಪಟೆ ಪಟ್ಟಾವೇ. ಕಾರ್ಬನ್ ಎಳೆಯ ಮೂಲವಾದರೂ ಏನು? ಸ್ವೆಟರಿಗೆ ಬಳಸುವ ಆಕ್ರಿಲಿಕ್ ನೂಲಿನ ಜಾತಿಯ ನೂಲೇ. ಅದನ್ನು ಹಂತ ಹಂತವಾಗಿ ಕಾಯಿಸಿ, ಕೊನೆಗೆ ಆಮ್ಲಜನಕ ತಾಗದಂತೆ ಅತಿಶಾಖದಲ್ಲಿ ಇಂಗಾಲವಾಗಿಸುತ್ತಾರೆ. ನೂಲಿನವರ ಕಸುಬೇ ಇಂದು ಲಿಫ್ಟನ್ನು ಎತ್ತುತ್ತಿದೆಯೆಂದು ನಾವು ಹೆಮ್ಮೆಪಡಬಹುದು.

ಇದರಿಂದ ಲಾಭವುಂಟು. ಪಟ್ಟಾಕ್ಕೆ ಗ್ರೀಸು ಬೇಡ. ತೆಳುವಾದ ಪಟ್ಟಾಕ್ಕೆ ಸಣ್ಣ ಗಾಲಿ, ಸಣ್ಣ ಮೋಟಾರು ಸಾಕು. ಎಷ್ಟೋ ಕಡೆ ಮೇಲಿನ ಯಂತ್ರದ ಕೋಣೆಯೂ ಬೇಡವಾಗುತ್ತದೆ. ಎತ್ತರದ ಕಟ್ಟಡಗಳಲ್ಲಿ ಕರೆಂಟಿನ ಖರ್ಚು ತಗ್ಗುತ್ತದೆ. ನಾವು ಹೊಸ ಯಂತ್ರದ ವಿರೋಧಿಗಳಲ್ಲ. ಆದರೆ ಈ ಲಾಭವೆಲ್ಲ ಮಾಲಕರ ಲೆಕ್ಕದಲ್ಲಿ ಜಮೆಯಾಗಿ, ಅಪಾಯ ಮಾತ್ರ ಕಾರ್ಮಿಕನ ಲೆಕ್ಕಕ್ಕೆ ಬರಕೂಡದು.

ಅಪಾಯ ಎಲ್ಲಿಂದ ಎಂದು ಕೇಳಬಹುದು. ಉಕ್ಕಿನ ಹಗ್ಗವು ಸಾಯುವ ಮೊದಲು ಸೂಚನೆ ಕೊಡುತ್ತದೆ. ತಂತಿಗಳು ಒಂದೊಂದಾಗಿ ಕಡಿದು ಮುಳ್ಳಿನಂತೆ ಏಳುತ್ತವೆ, ತುಕ್ಕು ಕಾಣುತ್ತದೆ, ಹಗ್ಗ ಸಪೂರವಾಗುತ್ತದೆ. ಅನುಭವಿ ಮೆಕ್ಯಾನಿಕನ ಕಣ್ಣಿಗೆ ಇಷ್ಟು ಸಾಕು. ಪಟ್ಟಾದಲ್ಲಾದರೋ ಎಳೆಗಳು ಹೊದಿಕೆಯೊಳಗೆ ಅಡಗಿವೆ. ಕಾರ್ಬನ್ ಎಳೆ ಎಳೆತಕ್ಕೆ ಬಲು ಗಟ್ಟಿ; ಮುರಿದು ಮಡಿಸಿದರೆ ಒಡೆಯುತ್ತದೆ. ಉಕ್ಕಿನ ಎಳೆಗಳ ಪಟ್ಟಾವನ್ನು ಪರೀಕ್ಷಿಸಲು ಅದರೊಳಗೆ ವಿದ್ಯುತ್ ಹರಿಸಿ ತಡೆಯನ್ನು ಅಳೆಯುವ ಉಪಕರಣಗಳಿವೆ. ಅವಿಲ್ಲದೆ, ಅವನ್ನು ಬಳಸುವ ತರಬೇತಿಯಿಲ್ಲದೆ, ಮೇಲಿಂದ ಒರೆಸಿ ಸಹಿ ಹಾಕಿದರೆ ಅದು ತಪಾಸಣೆಯಲ್ಲ. ಇನ್ನು ಲಿಫ್ಟು ನಡೆಯುವುದು ಗಾಲಿಯ ಮೇಲೆ ಪಟ್ಟಾದ ಹಿಡಿತದಿಂದ. ಅಡಿಗೆಮನೆಯ ಪಕ್ಕದ ಲಿಫ್ಟಿನಲ್ಲಿ ಎಣ್ಣೆಯ ಜಿಡ್ಡು ಅಲ್ಲಿಗೆ ತಲುಪಿದರೆ ಹಿಡಿತ ಸಡಿಲಾದೀತು.

ಅಮೇರಿಕದ ಎಲಿಶಾ ಓಟಿಸ್ ಮಂಚ ಮಾಡುವ ಕಾರ್ಖಾನೆಯಲ್ಲಿ ಮೆಕ್ಯಾನಿಕನಾಗಿದ್ದವನು. 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ತಾನು ನಿಂತ ಲಿಫ್ಟಿನ ಹಗ್ಗವನ್ನೇ ಕಡಿಸಿ, ಬೀಳದಂತೆ ಹಿಡಿಯುವ ಕೊಕ್ಕೆಯನ್ನು ತೋರಿಸಿದ. ಹಗ್ಗವನ್ನು ನಂಬಿ ಮನುಷ್ಯನನ್ನು ಹತ್ತಿಸಬೇಡ, ಹಗ್ಗ ಕಡಿದಾಗಲೂ ಕಾಯುವ ಏರ್ಪಾಡಿರಲಿ ಎಂಬುದೇ ಅವನ ಪಾಠ. ನಮ್ಮ ಎಷ್ಟೋ ಹೊಟೇಲುಗಳಲ್ಲಿ ಸಾಮಾನಿನ ಲಿಫ್ಟಿನಲ್ಲಿ ಹುಡುಗರು ಪಾತ್ರೆಗಳ ಜತೆ ತಾವೂ ನಿಂತು ಹೋಗುತ್ತಾರೆ. ಅದರಲ್ಲಿ ಆ ಕೊಕ್ಕೆ ಇದೆಯೋ ಇಲ್ಲವೋ ಕೇಳಿದವರು ಯಾರು?

ಮುಂಬಯಿ ಪ್ರಾಂತದಲ್ಲಿ 1939ರಷ್ಟು ಹಿಂದೆಯೇ ಲಿಫ್ಟುಗಳಿಗೆಂದು ಕಾಯಿದೆ ಬಂದಿತ್ತು. ಪರವಾನಗಿ, ಸರಕಾರಿ ತಪಾಸಣೆಗಳು ಹೊಸ ಬೇಡಿಕೆಗಳಲ್ಲ. ನಾವು ಕೇಳಬೇಕಾದುದು ಇಷ್ಟೇ: ಪಟ್ಟಾ ಬದಲಿಸಿದ ತಾರೀಕು, ತಪಾಸಣೆಯ ತಾರೀಕು ಲಿಫ್ಟಿನ ಬಳಿ ನಮಗೆ ಓದಲು ಬರುವ ಭಾಷೆಯಲ್ಲಿ ತೂಗಲಿ. ಪಟ್ಟಾ ಪರೀಕ್ಷಿಸುವ ಮೆಕ್ಯಾನಿಕನಿಗೆ ತರಬೇತಿಯೂ ಉಪಕರಣವೂ ಸಿಗಲಿ. ಜನರಿಗಲ್ಲದ ಲಿಫ್ಟಿನಲ್ಲಿ ಕೆಲಸಗಾರನನ್ನು ಹತ್ತಿಸುವುದು ನಿಲ್ಲಲಿ, ಹತ್ತಲೊಲ್ಲದವನ ಕೆಲಸಕ್ಕೆ ಕುತ್ತು ಬಾರದಿರಲಿ.

ಬಾಂಧವರೇ, ಒಬ್ಬನೇ ಕೇಳಿದರೆ ಗದರಿಸಿ ಕಳಿಸಿಯಾರು. ಹತ್ತು ಜನ ಸೇರಿ ಸಂಘದ ಮೂಲಕ ಬರೆದುಕೊಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ. ಎಳೆಗಳೆಲ್ಲ ಒಟ್ಟಾಗಿ ಭಾರ ಹೊರುವ ರೀತಿಯನ್ನು ನೂಲು ತಿಳಿದ ನಮಗೆ ಯಾರೂ ಕಲಿಸಬೇಕಾಗಿಲ್ಲ.